ಸ್ವನಿರ್ಮಿತ ಲಘುವಿಮಾನದ ಹಾರಾಟ ಪರೀಕ್ಷೆ: ಕಾರ್ಯಕ್ಷಮತೆ ಮತ್ತು ಇಂಧನ ಮಿತವ್ಯಯದ ಅಳತೆ

1. ಪೀಠಿಕೆ

ಹುಬ್ಬಳ್ಳಿಯಿಂದ ಪಶ್ಚಿಮಾಭಿಮುಖವಾಗಿ ಹೊರಡುವ ಲಘುವಿಮಾನವೊಂದು ನೇರ ರೇಖೆಯಲ್ಲಿ ಸುಮಾರು 35 ಕಿ.ಮೀ. ಸಾಗಿದರೆ ಹಳಿಯಾಳದ ಮೇಲಿರುತ್ತದೆ. ಅಲ್ಲಿಯವರೆಗೆ ಕೆಳಗೆ ಕಾಣುವುದು ಭತ್ತ, ಕಬ್ಬುಗಳ ಹೊಲಗದ್ದೆ, ಕೆರೆ, ಊರು. ಮುಂದೆ 17 ಕಿ.ಮೀ. ದೂರದಲ್ಲಿ ದಾಂಡೇಲಿ, ಮತ್ತೂ 17 ಕಿ.ಮೀ. ದೂರದಲ್ಲಿ ಜೋಯಿಡಾ. ಈ ಎರಡನೆಯ ಭಾಗದಲ್ಲಿ ನೆಲದ ಸ್ವರೂಪವೇ ಬದಲಾಗುತ್ತದೆ. ಕಾಳಿ ನದಿಯ ಕಣಿವೆ, ಸೂಪಾ ಜಲಾಶಯದ ಹಿನ್ನೀರು, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆದಿರುವ ದಟ್ಟ ಅರಣ್ಯ. ಎಂಜಿನ್ ನಿಂತರೆ ಇಳಿಯಲು ತಕ್ಕ ಬಯಲು ಇಲ್ಲಿ ವಿರಳ. ಜೋಯಿಡಾದಿಂದ ಆಗ್ನೇಯಕ್ಕೆ 63 ಕಿ.ಮೀ. ಹಾರಿ ಮುಂಡಗೋಡವನ್ನು ಸೇರಿದಾಗ ಮತ್ತೆ ಗದ್ದೆಬಯಲು ತೆರೆದುಕೊಳ್ಳುತ್ತದೆ.

ಈ ಮಾರ್ಗವನ್ನು ಸುರಕ್ಷಿತವಾಗಿ ದಾಟಬೇಕಾದ ಚಾಲಕನಿಗೆ ಮೂರು ಸಂಖ್ಯೆಗಳು ತಿಳಿದಿರಬೇಕು. ವಿಮಾನವು ಗಾಳಿಯಲ್ಲಿ ವಾಸ್ತವವಾಗಿ ಎಷ್ಟು ವೇಗದಲ್ಲಿ ಚಲಿಸುತ್ತದೆ, ಆ ವೇಗಕ್ಕೆ ಗಂಟೆಗೆ ಎಷ್ಟು ಇಂಧನ ಬೇಕು, ಎಂಜಿನ್ ನಿಂತರೆ ಇರುವ ಎತ್ತರದಿಂದ ಎಷ್ಟು ದೂರ ತೇಲಿ ಹೋಗಬಲ್ಲದು. ಕಾರ್ಖಾನೆಯಲ್ಲಿ ತಯಾರಾಗಿ ಪ್ರಮಾಣೀಕೃತವಾದ ವಿಮಾನದಲ್ಲಿ ಈ ಸಂಖ್ಯೆಗಳು ಕೈಪಿಡಿಯಲ್ಲಿ ಮುದ್ರಿತವಾಗಿರುತ್ತವೆ. ನಕಾಶೆ ಅಥವಾ ಬಿಡಿಭಾಗಗಳನ್ನು ಕೊಂಡು ವ್ಯಕ್ತಿಯೊಬ್ಬನು ಅಥವಾ ಸಣ್ಣ ತಂಡವೊಂದು ಕಟ್ಟಿದ ಸ್ವನಿರ್ಮಿತ ವಿಮಾನಕ್ಕೆ ಅಂತಹ ಕೈಪಿಡಿ ಇರುವುದಿಲ್ಲ. ನಕಾಶೆಯೊಡನೆ ಬರುವ ಅಂಕಿಗಳು ವಿನ್ಯಾಸಕಾರನ ಮೂಲ ವಿಮಾನಕ್ಕೆ ಸಂಬಂಧಿಸಿದವು. ಅದೇ ನಕಾಶೆಯಿಂದ ಕಟ್ಟಿದ ಎರಡು ವಿಮಾನಗಳು ತೂಕದಲ್ಲಿ, ಮೇಲ್ಮೈಯ ನುಣುಪಿನಲ್ಲಿ, ಪ್ರೊಪೆಲ್ಲರಿನ ಕೋನದಲ್ಲಿ ಬೇರೆಬೇರೆಯಾಗಿರುತ್ತವೆ. ಆದ್ದರಿಂದ ಪ್ರತಿಯೊಂದು ಸ್ವನಿರ್ಮಿತ ವಿಮಾನವೂ ತನ್ನ ಸಂಖ್ಯೆಗಳನ್ನು ತಾನೇ ಹಾರಾಟದ ಮೂಲಕ ಗಳಿಸಿಕೊಳ್ಳಬೇಕಾಗುತ್ತದೆ. ಈ ಗಳಿಕೆಯ ಕ್ರಮವನ್ನು ಕರ್ನಾಟಕದ ಲಘುವಿಮಾನ ಪ್ರಯೋಗಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಕರ್ನಾಟಕದ ಅನುಭವ

ನಕಾಶೆಯಿಂದ ವಿಮಾನ ಕಟ್ಟುವ ಹವ್ಯಾಸವು ಸಂಘಟಿತ ರೂಪ ಪಡೆದದ್ದು ಅಮೆರಿಕದಲ್ಲಿ, 1953ರಲ್ಲಿ ಪಾಲ್ ಪೊಬೆರೆಜ್ನಿ ಸ್ಥಾಪಿಸಿದ ಪ್ರಾಯೋಗಿಕ ವಿಮಾನ ಸಂಘದ ಮೂಲಕ. ಈ ಪರಂಪರೆಯಲ್ಲಿ ಬಂದ ವಿನ್ಯಾಸಕಾರ ಬರ್ಟ್ ರುಟಾನ್ ಅವರ ‘ಲಾಂಗ್ ಈಜಿ’ ವಿಮಾನ 1979ರಲ್ಲಿ ಮೊದಲು ಹಾರಿತು. ನೊರೆಗಟ್ಟಿಯ ತಿರುಳಿಗೆ ಗಾಜಿನ ನಾರಿನ ಬಟ್ಟೆಯನ್ನೂ ಎಪಾಕ್ಸಿ ಅಂಟನ್ನೂ ಹೊದಿಸಿ, ಅಚ್ಚುಗಳಿಲ್ಲದೆಯೇ ರೆಕ್ಕೆಗಳನ್ನು ರೂಪಿಸುವ ವಿಧಾನ ಅದರದು. ಮುಖ್ಯ ರೆಕ್ಕೆಯ ಮುಂದೆ ‘ಕ್ಯಾನಾರ್ಡ್’ ಎಂಬ ಕಿರುರೆಕ್ಕೆ, ಹಿಂಬದಿಯಲ್ಲಿ ಎಂಜಿನ್. ಕಡಿಮೆ ಇಂಧನದಲ್ಲಿ ಅತಿ ದೂರ ಹಾರುವುದೇ ಅದರ ಗುರಿ.

ಇದೇ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು, ಎಂದರೆ ಎನ್‌ಎಎಲ್, ಲಘು ಕ್ಯಾನಾರ್ಡ್ ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಪ್ರೊ. ರೊದ್ದಂ ನರಸಿಂಹ. ಹವ್ಯಾಸಿಗಳಿಗೆಂದು ರಚಿತವಾದ ನಕಾಶೆಯೊಂದನ್ನು ರಾಷ್ಟ್ರೀಯ ಪ್ರಯೋಗಾಲಯವೇ ಕೈಗೆತ್ತಿಕೊಂಡದ್ದರಿಂದ ಸಂಯುಕ್ತ ವಸ್ತುಗಳಲ್ಲಿ ಇಡೀ ವಿಮಾನವನ್ನು ಕಟ್ಟುವ ಹಾಗೂ ಪರೀಕ್ಷಿಸುವ ಅನುಭವ ಇಲ್ಲಿನ ತಂತ್ರಜ್ಞರಿಗೆ ದೊರೆಯಿತು. ಮುಂದೆ ಬಂದ ಎರಡು ಆಸನಗಳ ತರಬೇತಿ ವಿಮಾನ ‘ಹಂಸ’ ಈ ಅನುಭವದ ಫಲ. ಹಂಸ-2 1993ರ ನವೆಂಬರಿನಲ್ಲಿ ಹಾರಿತು. 1998ರಲ್ಲಿ ಹಾರಿದ ಹಂಸ-3 ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ 2000ದ ಫೆಬ್ರುವರಿಯಲ್ಲಿ ದೊರಕಿತು. ಐಐಟಿ ಕಾನ್ಪುರದ ಹಾರಾಟ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಅಳತೆಯ ಪಾಠ ಕಲಿತದ್ದು ಉಪಕರಣ ಸಜ್ಜಿತ ಹಂಸ-3ರಲ್ಲಿಯೇ.

ಹೊಸ ತಲೆಮಾರಿನ ‘ಹಂಸ-ಎನ್‌ಜಿ’ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ನೆಲ ಬಿಟ್ಟಿತು. ಆ ಹಾರಾಟ ಸುಮಾರು 20 ನಿಮಿಷಗಳದು. ಎತ್ತರ ಸಮುದ್ರಮಟ್ಟದಿಂದ 4,000 ಅಡಿ, ವೇಗ 80 ನಾಟ್. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೇ ಸುಮಾರು 2,900 ಅಡಿ ಎತ್ತರದಲ್ಲಿರುವುದರಿಂದ ವಿಮಾನವು ನೆಲದಿಂದ ಸಾವಿರದ ನೂರು ಅಡಿಗಳಷ್ಟೇ ಮೇಲಿತ್ತು. 2022ರ ಫೆಬ್ರುವರಿ 19ರಂದು ಅದನ್ನು ಪುದುಚೇರಿಗೆ ಹಾರಿಸಿಕೊಂಡು ಹೋಗಿ ಸಮುದ್ರಮಟ್ಟದ ಪರೀಕ್ಷೆಗಳನ್ನು ನಡೆಸಲಾಯಿತು. ಅದೇ ವರ್ಷದ ಮೇ 17ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯಿರುವ ವೈಮಾನಿಕ ಪರೀಕ್ಷಾ ವಲಯದಲ್ಲಿ, 7,000ದಿಂದ 8,000 ಅಡಿಗಳ ಎತ್ತರದಲ್ಲಿ, ಎಂಜಿನ್ನನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಯಶಸ್ವಿಯಾಯಿತು.

ಈ ಕೊನೆಯ ಪರೀಕ್ಷೆಯ ಗಾಂಭೀರ್ಯ ತಿಳಿಯಬೇಕಾದರೆ 2009ರ ಮಾರ್ಚ್ 6ನ್ನು ನೆನೆಯಬೇಕು. ಎನ್‌ಎಎಲ್‌ನ ‘ಸರಸ್’ ವಿಮಾನದ ಎರಡನೆಯ ಮಾದರಿಯು ಇಂತಹುದೇ ಎಂಜಿನ್ ಮರುಚಾಲನೆಯ ಪರೀಕ್ಷೆಯ ವೇಳೆ ಬಿಡದಿಯ ಬಳಿ ನೆಲಕ್ಕಪ್ಪಳಿಸಿ, ಇಬ್ಬರು ಪರೀಕ್ಷಾ ಚಾಲಕರು ಹಾಗೂ ಒಬ್ಬ ಪರೀಕ್ಷಾ ಎಂಜಿನಿಯರ್ ಅಸುನೀಗಿದರು. ಹಾರಾಟ ಪರೀಕ್ಷೆಯಲ್ಲಿ ದೊರೆಯುವ ಪ್ರತಿಯೊಂದು ಅಂಕಿಯ ಹಿಂದೆಯೂ ಇಂತಹ ಅಪಾಯದ ಸಾಧ್ಯತೆ ಇದ್ದೇ ಇರುತ್ತದೆ.

ಹವ್ಯಾಸಿ ನಿರ್ಮಾತೃಗಳ ಪಾಡು ಇನ್ನಷ್ಟು ಕಠಿಣ. ಮುಂಬಯಿಯ ವೈಮಾನಿಕ ಅಮೋಲ್ ಯಾದವ್ ಮನೆಯ ಮಹಡಿಯ ಮೇಲೆ ಕಟ್ಟಿದ ವಿಮಾನವು 2016ರಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಬಂದಿತಾದರೂ, ಅದಕ್ಕೆ ನೋಂದಣಿ ದೊರೆತದ್ದು 2017ರ ನವೆಂಬರಿನಲ್ಲಿ. ಅಮೆರಿಕದ ರೂಢಿಯಲ್ಲಿ ಪ್ರಮಾಣೀಕೃತ ಎಂಜಿನ್-ಪ್ರೊಪೆಲ್ಲರ್ ಜೋಡಿಯಿದ್ದ ಸ್ವನಿರ್ಮಿತ ವಿಮಾನಕ್ಕೆ 25 ಗಂಟೆ, ಇಲ್ಲದಿದ್ದರೆ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ಗೊತ್ತಾದ ವಲಯದೊಳಗೆ ಮುಗಿಸಬೇಕಾಗುತ್ತಿತ್ತು. ಗಂಟೆಗಳ ಬದಲಿಗೆ ನಿಗದಿತ ಪರೀಕ್ಷೆಗಳ ಪಟ್ಟಿಯನ್ನೇ ಪೂರೈಸುವ ಮಾರ್ಗವೂ ಇತ್ತೀಚಿನ ವರ್ಷಗಳಲ್ಲಿ ತೆರೆದಿದೆ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂತಹ ವಿಮಾನಗಳ ಅವಘಡಗಳಲ್ಲಿ ಎಂಜಿನ್ ವೈಫಲ್ಯ ಹಾಗೂ ನಿಯಂತ್ರಣ ತಪ್ಪುವಿಕೆಗಳೇ ಪ್ರಮುಖವೆಂದೂ, ಅವಘಡಗಳ ಗಣನೀಯ ಪಾಲು ವಿಮಾನದ ಬಾಳಿನ ಆರಂಭದ ಹಾರಾಟಗಳಲ್ಲೇ ಸಂಭವಿಸುತ್ತದೆಂದೂ ತೋರಿಸಿತು.

3. ನೆಲದ ಮೇಲಿನ ಸಿದ್ಧತೆ

ಹಾರಾಟ ಪರೀಕ್ಷೆಯ ಮೊದಲ ಹಂತ ನೆಲದ ಮೇಲೆಯೇ ನಡೆಯುತ್ತದೆ. ಮೂರು ಗಾಲಿಗಳ ಕೆಳಗೆ ಮೂರು ತಕ್ಕಡಿಗಳನ್ನಿಟ್ಟು ಖಾಲಿ ವಿಮಾನವನ್ನು ತೂಗಿ, ಗುರುತ್ವ ಕೇಂದ್ರದ ಸ್ಥಾನವನ್ನು ಲೆಕ್ಕ ಹಾಕಲಾಗುತ್ತದೆ. ವಿನ್ಯಾಸದ ತೂಕಕ್ಕೂ ನಿಜವಾದ ತೂಕಕ್ಕೂ ಅಂತರ ಬೀಳುವುದು ಹವ್ಯಾಸಿಗಳ ದೌರ್ಬಲ್ಯ ಮಾತ್ರವಲ್ಲ. 2004ರಲ್ಲಿ ಹಾರಿದ ಸರಸ್ ವಿಮಾನದ ಮೊದಲ ಮಾದರಿಯ ಖಾಲಿ ತೂಕವು ವಿನ್ಯಾಸದಲ್ಲಿ ಸುಮಾರು 4,125 ಕಿ.ಗ್ರಾಂ. ಇದ್ದು, ತಕ್ಕಡಿಯ ಮೇಲೆ ಸುಮಾರು 5,118 ಕಿ.ಗ್ರಾಂ. ಬಂದಿತ್ತು.

ತೂಕ ಹೆಚ್ಚಿದರೆ ಆಗುವ ಪರಿಣಾಮವನ್ನು ಲೆಕ್ಕದಿಂದ ಕಾಣಬಹುದು. ಶೇ. 10ರಷ್ಟು ತೂಕ ಹೆಚ್ಚಿದಾಗ, ಅದೇ ವೇಗದಲ್ಲಿ ಹಾರಲು ಬೇಕಾದ ಮೇಲೆತ್ತುವ ಬಲಕ್ಕೆ ರೆಕ್ಕೆಯು ತೆರುವ ಹಿಂದೆಳೆತ ಶೇ. 21ರಷ್ಟು ಏರುತ್ತದೆ, ಏಕೆಂದರೆ ಅದು ತೂಕದ ವರ್ಗಕ್ಕೆ ಅನುಗುಣವಾಗಿರುತ್ತದೆ. ಏರುವ ಗತಿ ಕುಗ್ಗುತ್ತದೆ, ನೆಲ ಬಿಡಲು ಬೇಕಾದ ಓಟ ಉದ್ದವಾಗುತ್ತದೆ.

ಎರಡನೆಯದು ಇಂಧನ ವ್ಯವಸ್ಥೆಯ ಅಳತೆ. ಖಾಲಿ ಟ್ಯಾಂಕಿಗೆ ಐದೈದು ಲೀಟರಿನಂತೆ ಇಂಧನ ಸುರಿಯುತ್ತ, ಅಳತೆ ಕಡ್ಡಿಯ ಮೇಲೆ ಒಂದೊಂದೇ ಗೆರೆ ಕೊರೆಯಬೇಕು. ಬಳಿಕ ವಿಮಾನದ ಮೂತಿಯನ್ನು ಏರಿಕೆಯ ಕೋನಕ್ಕೆತ್ತಿ ನಿಲ್ಲಿಸಿ, ಎಂಜಿನ್ನಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಡಬ್ಬಿಗೆ ಎಷ್ಟು ಹೊತ್ತಿನಲ್ಲಿ ಎಷ್ಟು ಇಂಧನ ಹರಿಯುತ್ತದೆಂದು ಗಡಿಯಾರ ಹಿಡಿದು ಅಳೆಯಬೇಕು. ಗುರುತ್ವದಿಂದ ಹರಿಯುವ ವ್ಯವಸ್ಥೆಯಲ್ಲಿ ಪೂರ್ಣ ಶಕ್ತಿಯ ಬಳಕೆಯ ಒಂದೂವರೆ ಪಟ್ಟು, ಪಂಪಿನ ವ್ಯವಸ್ಥೆಯಲ್ಲಿ ಒಂದೂಕಾಲು ಪಟ್ಟು ಹರಿವು ಇರಬೇಕೆಂಬುದು ಅಂಗೀಕೃತ ನಿಯಮ. ಪೂರ್ಣ ಶಕ್ತಿಯಲ್ಲಿ ಗಂಟೆಗೆ 27 ಲೀಟರ್ ಬಳಸುವ ಎಂಜಿನ್ನಿಗೆ ಗುರುತ್ವದ ವ್ಯವಸ್ಥೆಯು 40 ಲೀಟರಿಗಿಂತ ಹೆಚ್ಚು ಹರಿಸಬೇಕು. ಹರಿವು ನಿಂತ ಮೇಲೆ ಟ್ಯಾಂಕಿನ ತಳದಲ್ಲಿ ಉಳಿದದ್ದು ಬಳಸಲಾಗದ ಇಂಧನ. ಅದು ತೂಕದ ಲೆಕ್ಕಕ್ಕೆ ಸೇರುತ್ತದೆ, ದೂರದ ಲೆಕ್ಕಕ್ಕೆ ಸೇರುವುದಿಲ್ಲ.

4. ವೇಗದ ಅಳತೆ

ವಿಮಾನದ ವೇಗಮಾಪಕ ಅಳೆಯುವುದು ವೇಗವನ್ನಲ್ಲ, ಗಾಳಿಯ ಒತ್ತಡವನ್ನು. ಮುಂದಕ್ಕೆ ತೆರೆದ ಪಿಟೋ ಕೊಳವೆಯಲ್ಲಿನ ಒತ್ತಡಕ್ಕೂ ಮಗ್ಗುಲಿನ ರಂಧ್ರದಲ್ಲಿನ ಒತ್ತಡಕ್ಕೂ ಇರುವ ಅಂತರವನ್ನು ಅದು ವೇಗವೆಂದು ಸೂಚಿಸುತ್ತದೆ. ಮಗ್ಗುಲಿನ ರಂಧ್ರ ಒಂದೆರಡು ಅಂಗುಲ ಆಚೀಚೆಯಾದರೂ ಓದಿನಲ್ಲಿ ದೋಷ ಬರುತ್ತದೆ. ಸ್ವನಿರ್ಮಿತ ವಿಮಾನದಲ್ಲಿ ಈ ದೋಷ ಎಷ್ಟೆಂದು ಮುಂಚಿತವಾಗಿ ಹೇಳಲಾಗದು. ಸೂಚಿತ ವೇಗದಲ್ಲಿನ ದೋಷವನ್ನು ತಿದ್ದಿ, ಗಾಳಿಯ ಸಾಂದ್ರತೆಗೂ ಹೊಂದಿಸಿದ ಮೇಲೆ ದೊರೆಯುವುದು ನೈಜ ವಾಯುವೇಗ. ಬೀಸುಗಾಳಿಯೂ ಸೇರಿದಾಗ ನೆಲದ ಮೇಲೆ ವಿಮಾನ ಸಾಗುವ ಗತಿ ಭೂವೇಗ.

ಈ ಭೇದ ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದಕ್ಕೆ ಹಂಸ-ಎನ್‌ಜಿಯ ಪುದುಚೇರಿ ಯಾನವೇ ನಿದರ್ಶನ. ಪ್ರಕಟಿತ ವಿವರದ ಪ್ರಕಾರ ಅದು 140 ನಾಟಿಕಲ್ ಮೈಲುಗಳನ್ನು ಒಂದೂವರೆ ಗಂಟೆಯಲ್ಲಿ ಕ್ರಮಿಸಿತು. ವೇಗ ಗಂಟೆಗೆ 155 ಕಿ.ಮೀ. ಆದರೆ 140 ನಾಟಿಕಲ್ ಮೈಲೆಂದರೆ 259 ಕಿ.ಮೀ.; ಒಂದೂವರೆ ಗಂಟೆಯಿಂದ ಭಾಗಿಸಿದರೆ ಬರುವುದು ಸುಮಾರು 173 ಕಿ.ಮೀ. ಎರಡು ಅಂಕಿಗಳೂ ಏಕಕಾಲದಲ್ಲಿ ಸರಿಯಿರಲು ಸಾಧ್ಯ. ಸಾಂದ್ರತೆ ಕಡಿಮೆಯಿರುವ ಮೇಲಿನ ಗಾಳಿಯಲ್ಲಿ ಸೂಚಿತ ವೇಗಕ್ಕಿಂತ ನೈಜ ವೇಗ ಶೇ. 10ರಷ್ಟು ಹೆಚ್ಚಿರುವುದು ಸಾಮಾನ್ಯ. ಹಿಂಗಾಳಿಯೂ ಭೂವೇಗವನ್ನು ಏರಿಸುತ್ತದೆ. ಯಾವ ವೇಗವೆಂದು ಹೇಳದ ಹೊರತು ವೇಗದ ಅಂಕಿ ಪೂರ್ಣವಾಗುವುದಿಲ್ಲ.

ವೇಗಮಾಪಕದ ದೋಷವನ್ನು ಕಂಡುಹಿಡಿಯಲು ಇಂದು ಜಿಪಿಎಸ್ ಉಪಕರಣ ಸಾಕು. ಒಂದೇ ಎತ್ತರ, ಒಂದೇ ಸೂಚಿತ ವೇಗದಲ್ಲಿ ಮೂರು ಬೇರೆಬೇರೆ ದಿಕ್ಕುಗಳಿಗೆ ಹಾರಿ, ಪ್ರತಿ ದಿಕ್ಕಿನ ಭೂವೇಗವನ್ನೂ ಸಾಗಿದ ಜಾಡನ್ನೂ ಬರೆದುಕೊಳ್ಳಲಾಗುತ್ತದೆ. ತಿಳಿಯದಿರುವ ಸಂಗತಿಗಳು ಮೂರು: ನೈಜ ವಾಯುವೇಗ, ಗಾಳಿಯ ವೇಗ, ಗಾಳಿಯ ದಿಕ್ಕು. ಅಳತೆಗಳೂ ಮೂರಿರುವುದರಿಂದ ಮೂರನ್ನೂ ಬಿಡಿಸಬಹುದು. ಹೋಗಿ ಬರುವ ಎರಡೇ ದಿಕ್ಕುಗಳ ಸರಾಸರಿ ತೆಗೆದರೆ ಅಡ್ಡಗಾಳಿಯ ಪ್ರಭಾವ ಲೆಕ್ಕದೊಳಗೆ ಉಳಿದುಬಿಡುತ್ತದೆ. ಬಿಸಿಲೇರಿ ಗಾಳಿ ಕುದಿಯುವ ಮೊದಲು, ಮುಂಜಾನೆಯ ನಿಶ್ಚಲ ವಾತಾವರಣದಲ್ಲಿ ಈ ಕೆಲಸವನ್ನು ಮುಗಿಸುವುದು ವಾಡಿಕೆ.

5. ಏರಿಕೆ ಮತ್ತು ಗಾಳಿಯ ಸಾಂದ್ರತೆ

ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರೂ ಗಾಳಿಯ ಸಾಂದ್ರತೆಯನ್ನು ಅವಲಂಬಿಸಿವೆ. ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದಲ್ಲಿ ಆ ಎತ್ತರದ ಉಷ್ಣತೆ 11 ಡಿಗ್ರಿ ಸೆಲ್ಸಿಯಸಿಗೆ ಸಮೀಪ. ಏಪ್ರಿಲಿನ ಮಧ್ಯಾಹ್ನ 37 ಡಿಗ್ರಿ ಇದ್ದಾಗ ಅಲ್ಲಿನ ಗಾಳಿಯ ಸಾಂದ್ರತೆಯು ಸುಮಾರು 1,600 ಮೀಟರ್ ಎತ್ತರದ ಪ್ರಮಾಣಿತ ಗಾಳಿಗೆ ಸಮನಾಗುತ್ತದೆ. ಇದನ್ನೇ ಸಾಂದ್ರತಾ ಎತ್ತರವೆನ್ನುವುದು. ಸಮುದ್ರಮಟ್ಟದ ಪ್ರಮಾಣಿತ ಗಾಳಿಗೆ ಹೋಲಿಸಿದರೆ ಇದು ಶೇ. 14ರಷ್ಟು ತೆಳು. ಟರ್ಬೋಚಾರ್ಜರ್ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಹಂಸ-3ಕ್ಕೆ ಟರ್ಬೋಚಾರ್ಜರ್ ಸಹಿತವಾದ ರೋಟ್ಯಾಕ್ಸ್ 914 ಎಂಜಿನ್ ಅಳವಡಿಸಿದ್ದರ ಪ್ರಯೋಜನ ಇಂತಹ ಪ್ರಸ್ಥಭೂಮಿಯಲ್ಲಿಯೇ ಕಾಣುವಂಥದು. ಬೆಂಗಳೂರಿನಲ್ಲಿ ಹಾರಿದ ವಿಮಾನವನ್ನು ಪುದುಚೇರಿಗೆ ಒಯ್ದು ಮತ್ತೆ ಪರೀಕ್ಷಿಸಬೇಕಾದದ್ದಕ್ಕೂ ಈ ಸಾಂದ್ರತೆಯ ವ್ಯತ್ಯಾಸವೇ ಕಾರಣ.

ಏರಿಕೆಯನ್ನು ಅಳೆಯುವ ಕ್ರಮಕ್ಕೆ ಗರಗಸ ವಿಧಾನವೆಂಬ ಹೆಸರು ಒಪ್ಪುತ್ತದೆ. ಗೊತ್ತಾದ 300 ಮೀಟರಿನ ಪದರವೊಂದರಲ್ಲಿ ಪೂರ್ಣ ಶಕ್ತಿಯೊಡನೆ ನಿಗದಿತ ವೇಗದಲ್ಲಿ ಏರಿ ಕಾಲವನ್ನು ಬರೆದುಕೊಳ್ಳುವುದು, ಕೆಳಗಿಳಿಯುವುದು, ಇನ್ನೊಂದು ವೇಗದಲ್ಲಿ ಮತ್ತೆ ಏರುವುದು. ಹಾರಾಟದ ರೇಖೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಐದಾರು ವೇಗಗಳ ಫಲಿತಾಂಶಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಎರಡು ವೇಗಗಳು ಹೊರಬೀಳುತ್ತವೆ: ಅತಿ ಕಡಿಮೆ ಕಾಲದಲ್ಲಿ ಎತ್ತರ ಗಳಿಸುವ ವೇಗ, ಅತಿ ಕಡಿಮೆ ದೂರದಲ್ಲಿ ಎತ್ತರ ಗಳಿಸುವ ವೇಗ. ಓಡುದಾರಿಯ ಕೊನೆಯಲ್ಲಿ ಮರಗಳ ಸಾಲಿದ್ದರೆ ಬೇಕಾಗುವುದು ಎರಡನೆಯದು.

6. ತೇಲು ಹಾರಾಟ ಮತ್ತು ಹಿಂದೆಳೆತ

ಇದೇ ವಿಧಾನವನ್ನು ತಲೆಕೆಳಗಾಗಿಸಿ, ಎಂಜಿನ್ನನ್ನು ಅತಿ ಕಡಿಮೆ ಗತಿಗೆ ಇಳಿಸಿ ತೇಲುತ್ತ ಬಂದರೆ ವಿಮಾನದ ಹಿಂದೆಳೆತ ತಿಳಿಯುತ್ತದೆ. ಇಳಿಯುವಾಗ ವಿಮಾನವನ್ನು ನಡೆಸುವ ಶಕ್ತಿ ಅದರ ತೂಕದಿಂದಲೇ ಬರುತ್ತದೆ. ವಿವರಣೆಗಾಗಿ 560 ಕಿ.ಗ್ರಾಂ. ತೂಕದ, ಎರಡು ಆಸನಗಳ ಕಾಲ್ಪನಿಕ ವಿಮಾನವೊಂದನ್ನು ತೆಗೆದುಕೊಳ್ಳಬಹುದು. ಅದು ಗಂಟೆಗೆ 120 ಕಿ.ಮೀ. ವೇಗದಲ್ಲಿ ತೇಲುತ್ತ ಸೆಕೆಂಡಿಗೆ 2.8 ಮೀಟರ್ ಇಳಿಯುತ್ತದೆಂದು ಕಂಡುಬಂದರೆ, ಪ್ರತಿ ಒಂದು ಮೀಟರ್ ಇಳಿತಕ್ಕೆ ಅದು ಸಾಗುವ ದೂರ ಸುಮಾರು 12 ಮೀಟರ್. ತೂಕವನ್ನು ಇಳಿಯುವ ಗತಿಯಿಂದ ಗುಣಿಸಿದರೆ ಆ ವೇಗಕ್ಕೆ ಬೇಕಾದ ಶಕ್ತಿ ಸುಮಾರು 15.4 ಕಿಲೋವ್ಯಾಟ್ ಎಂದು ತಿಳಿಯುತ್ತದೆ.

ಹಿಂದೆಳೆತದಲ್ಲಿ ಎರಡು ಪಾಲುಗಳಿವೆ. ಮೈ, ಗಾಲಿ, ಕಂಬಿಗಳು ಗಾಳಿಯನ್ನು ಸೀಳುವುದರಿಂದ ಬರುವ ಪಾಲು ವೇಗದ ವರ್ಗದಂತೆ ಏರುತ್ತದೆ. ತೂಕವನ್ನು ಎತ್ತಿಹಿಡಿಯುವುದಕ್ಕಾಗಿ ರೆಕ್ಕೆ ತೆರುವ ಪಾಲು ವೇಗ ಹೆಚ್ಚಿದಂತೆ ಇಳಿಯುತ್ತದೆ. ಎರಡೂ ಸಮವಾಗುವ ವೇಗದಲ್ಲಿ ಒಟ್ಟು ಹಿಂದೆಳೆತ ಕನಿಷ್ಠ. ಅದೇ ಅತಿ ದೂರ ತೇಲುವ ವೇಗ. ಗಾಳಿ ಬೀಸದಿದ್ದಾಗ ಪ್ರತಿ ಕಿಲೋಮೀಟರಿಗೆ ಅತಿ ಕಡಿಮೆ ಇಂಧನ ಬಳಸುವ ವೇಗವೂ ಅದಕ್ಕೆ ಸಮೀಪದ್ದೇ. ಆದರೆ ಆ ವೇಗ ಬಹಳ ನಿಧಾನದ್ದು. ಅಮೆರಿಕದ ನೌಕಾ ಅಕಾಡೆಮಿಯ ಬಿ.ಎಚ್. ಕಾರ್ಸನ್ 1980ರ ದಶಕದಲ್ಲಿ ತೋರಿಸಿದಂತೆ, ಈ ವೇಗದ 1.32 ಪಟ್ಟಿನಲ್ಲಿ ಹಾರಿದರೆ ಹಿಂದೆಳೆತ ಶೇ. 15ರಷ್ಟು ಮಾತ್ರ ಹೆಚ್ಚಿ, ಗತಿ ಶೇ. 32ರಷ್ಟು ಹೆಚ್ಚುತ್ತದೆ. ಕಾಲ ಮತ್ತು ಇಂಧನಗಳ ನಡುವೆ ಇದು ಒಳ್ಳೆಯ ಒಪ್ಪಂದ. ಮೇಲಿನ ವಿಮಾನಕ್ಕೆ ಈ ವೇಗ ಗಂಟೆಗೆ ಸುಮಾರು 158 ಕಿ.ಮೀ.

7. ಇಂಧನದ ಲೆಕ್ಕ

ಇಂಧನ ಬಳಕೆಯನ್ನು ಅಳೆಯುವ ಅತ್ಯಂತ ವಿಶ್ವಾಸಾರ್ಹ ಕ್ರಮ ಅತ್ಯಂತ ಸರಳವಾದದ್ದೂ ಹೌದು. ಟ್ಯಾಂಕನ್ನು ಕಂಠದವರೆಗೆ ತುಂಬಿಸಿ, ನಿಗದಿತ ವೇಗದಲ್ಲಿ ನಿಗದಿತ ಕಾಲ ಹಾರಿ, ಇಳಿದು, ಅದೇ ಜಾಗದಲ್ಲಿ ವಿಮಾನವನ್ನು ಅದೇ ಭಂಗಿಯಲ್ಲಿ ನಿಲ್ಲಿಸಿ, ಮತ್ತೆ ಕಂಠದವರೆಗೆ ತುಂಬಲು ಬೇಕಾದದ್ದನ್ನು ಅಳೆಯುವುದು. ಎರಡು ಟ್ಯಾಂಕುಗಳಿದ್ದರೆ ಒಂದರಿಂದ ನೆಲ ಬಿಟ್ಟು ಏರಿ, ಪರೀಕ್ಷೆಯ ಅವಧಿಯಲ್ಲಿ ಮಾತ್ರ ಇನ್ನೊಂದರಿಂದ ಹಾರಿದರೆ, ಏರಿಕೆಯ ಬಳಕೆ ಬೆರೆಯದೆ ಶುದ್ಧ ಅಂಕಿ ದೊರೆಯುತ್ತದೆ. ವಿದ್ಯುನ್ಮಾನ ಹರಿವುಮಾಪಕವಿದ್ದರೂ ಅದನ್ನು ಈ ಕ್ರಮದಿಂದಲೇ ತಿದ್ದಿಕೊಳ್ಳಬೇಕು. ಉಷ್ಣತೆ 20 ಡಿಗ್ರಿ ಏರಿದರೆ ಪೆಟ್ರೋಲಿನ ಗಾತ್ರ ಸುಮಾರು ಶೇ. 2ರಷ್ಟು ಹಿಗ್ಗುವುದರಿಂದ, ಸೂಕ್ಷ್ಮ ಪರೀಕ್ಷೆಯಲ್ಲಿ ಇಂಧನವನ್ನು ಲೀಟರಿನಲ್ಲಿ ಅಳೆಯದೆ ತೂಗುವುದೇ ಲೇಸು.

ಇಂಧನದ ಗುಣವೂ ಗಣನೀಯ. ಎಥನಾಲಿನ ಪ್ರತಿ ಲೀಟರಿನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ಕೊರತೆ ಶೇ. 7ರ ಆಸುಪಾಸಿನಲ್ಲಿರುತ್ತದೆ. ರೋಟ್ಯಾಕ್ಸ್ 912 ಸರಣಿಯ ಎಂಜಿನ್ನುಗಳಿಗೆ ತಯಾರಕರು ಒಪ್ಪಿರುವ ಮಿತಿ ಶೇ. 10 ಮಾತ್ರ. ಭಾರತದ ಬಂಕುಗಳಲ್ಲಿ ಈಗ ಶೇ. 20ರ ಮಿಶ್ರಣವೇ ವ್ಯಾಪಕವಾಗಿರುವುದರಿಂದ, ಯಾವ ಇಂಧನದಿಂದ ಪರೀಕ್ಷೆ ನಡೆಯಿತೆಂಬುದನ್ನು ದಾಖಲಿಸದ ಅಂಕಿ ನಂಬಿಕೆಗೆ ಅರ್ಹವಲ್ಲ.

ಮೇಲಿನ ಕಾಲ್ಪನಿಕ ವಿಮಾನದ ಹಿಂದೆಳೆತ, ಪ್ರೊಪೆಲ್ಲರಿನ ಸಾಮಾನ್ಯ ದಕ್ಷತೆ, ಪಿಸ್ಟನ್ ಎಂಜಿನ್ನಿನ ಸಾಮಾನ್ಯ ಬಳಕೆ ಇವುಗಳಿಂದ ಲೆಕ್ಕ ಹಾಕಿದರೆ, ಗಂಟೆಗೆ 120 ಕಿ.ಮೀ. ವೇಗದಲ್ಲಿ ಅದಕ್ಕೆ ಗಂಟೆಗೆ 9 ಲೀಟರ್, 160ರಲ್ಲಿ 13 ಲೀಟರ್, 190ರಲ್ಲಿ 18.5 ಲೀಟರ್ ಬೇಕಾಗುತ್ತದೆ. ನೂರು ಕಿಲೋಮೀಟರಿಗೆ ಪರಿವರ್ತಿಸಿದರೆ ಕ್ರಮವಾಗಿ 7.5, 8.1 ಹಾಗೂ 9.7 ಲೀಟರ್. 120ರಿಂದ 160ಕ್ಕೆ ಏರಿದಾಗ ದೂರದ ಲೆಕ್ಕದಲ್ಲಿ ಆಗುವ ನಷ್ಟ ಅಲ್ಪ. 160ರಿಂದ 190ಕ್ಕೆ ಏರಿದಾಗ ನಷ್ಟ ಎದ್ದು ಕಾಣುತ್ತದೆ. ಹಾರಾಟದಲ್ಲಿ ಅಳೆದ ಅಂಕಿಗಳು ಈ ಲೆಕ್ಕಕ್ಕೆ ಹೊಂದದಿದ್ದರೆ ದೋಷ ಎಂಜಿನ್ನಿನಲ್ಲಿದೆಯೋ, ಪ್ರೊಪೆಲ್ಲರಿನಲ್ಲಿದೆಯೋ, ವೇಗಮಾಪಕದಲ್ಲಿದೆಯೋ ಎಂದು ಹುಡುಕಲು ದಾರಿಯಾಗುತ್ತದೆ.

ಇಂತಹ ಅಳತೆಯನ್ನೇ ಸ್ಪರ್ಧೆಯಾಗಿಸಿದ್ದು 1981ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಆರಂಭವಾದ ‘ಕೆಫೆ’ ಪ್ರತಿಷ್ಠಾನ. ಅದು 2011ರಲ್ಲಿ ನಾಸಾದ ಬಹುಮಾನದೊಡನೆ ನಡೆಸಿದ ಸ್ಪರ್ಧೆಯ ಷರತ್ತು, 200 ಮೈಲುಗಳನ್ನು ಎರಡು ಗಂಟೆಯೊಳಗೆ, ಪ್ರತಿ ಪ್ರಯಾಣಿಕನಿಗೆ ಒಂದು ಗ್ಯಾಲನ್ನಿಗೆ ಸಮನಾದ ಶಕ್ತಿಯೊಳಗೆ ಕ್ರಮಿಸಬೇಕೆಂಬುದು. ಗೆದ್ದದ್ದು ಪಿಪಿಸ್ಟ್ರೆಲ್ ಸಂಸ್ಥೆಯ ವಿದ್ಯುತ್ ವಿಮಾನ.

8. ಹಳಿಯಾಳ–ಜೋಯಿಡಾ ಮಾರ್ಗಕ್ಕೆ ಅನ್ವಯ

ಪೀಠಿಕೆಯಲ್ಲಿ ಸೂಚಿಸಿದ ಹುಬ್ಬಳ್ಳಿ–ಹಳಿಯಾಳ–ದಾಂಡೇಲಿ–ಜೋಯಿಡಾ–ಮುಂಡಗೋಡ–ಹುಬ್ಬಳ್ಳಿ ಸುತ್ತಿನ ಒಟ್ಟು ದೂರ ಸುಮಾರು 175 ಕಿ.ಮೀ. ಇದು ಲೆಕ್ಕಕ್ಕಾಗಿ ನಕಾಶೆಯ ಮೇಲೆ ಎಳೆದ ರೇಖೆ. ವಾಯುಪ್ರದೇಶದ ಅನುಮತಿ ಬೇರೆಯೇ ವಿಷಯ. ಗಾಳಿಯಿಲ್ಲದಾಗ ಗಂಟೆಗೆ 160 ಕಿ.ಮೀ. ವೇಗದಲ್ಲಿ ಹಿಡಿಯುವ ಕಾಲ 66 ನಿಮಿಷ, ಬೇಕಾಗುವ ಇಂಧನ 14 ಲೀಟರ್. ನೆಲದ ಮೇಲಿನ ಓಡಾಟಕ್ಕೂ ಏರಿಕೆಗೂ 4 ಲೀಟರ್, ಮುಕ್ಕಾಲು ಗಂಟೆಯ ಮೀಸಲಿಗೆ 10 ಲೀಟರ್ ಸೇರಿಸಿದರೆ 28 ಲೀಟರ್.

ಪಶ್ಚಿಮದಿಂದ ಗಾಳಿ ಬೀಸುವ ದಿನ ಲೆಕ್ಕ ಬದಲಾಗುತ್ತದೆ. ಹೋಗುವಾಗ ಕಳೆದದ್ದನ್ನು ಬರುವಾಗ ಹಿಂಗಾಳಿ ಮರಳಿಸುತ್ತದೆಂಬ ನಂಬಿಕೆ ಸಾಮಾನ್ಯ, ಅದು ತಪ್ಪು. ಹುಬ್ಬಳ್ಳಿ–ಜೋಯಿಡಾ ನೇರ ದೂರ 68 ಕಿ.ಮೀ. ಗಾಳಿಯಿಲ್ಲದೆ ಹೋಗಿ ಬರಲು 51 ನಿಮಿಷ. ಗಂಟೆಗೆ 40 ಕಿ.ಮೀ. ಎದುರುಗಾಳಿಯಿದ್ದರೆ ಹೋಗಲು 34 ನಿಮಿಷ, ಬರಲು 20 ನಿಮಿಷ, ಒಟ್ಟು 54 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಸುತ್ತು ಮುಚ್ಚುವ ಯಾನದಲ್ಲಿ ಗಾಳಿ ಯಾವಾಗಲೂ ನಷ್ಟವನ್ನೇ ತರುತ್ತದೆ.

ಎರವಲು ತಂದ ಅಂಕಿಯ ಅಪಾಯ ಇಲ್ಲಿಯೇ ಸ್ಪಷ್ಟವಾಗುತ್ತದೆ. ಗಂಟೆಗೆ 190 ಕಿ.ಮೀ. ವೇಗಕ್ಕೆ 13 ಲೀಟರ್ ಸಾಕೆಂದು ನಕಾಶೆಯ ಹೊತ್ತಗೆ ಹೇಳಿದೆಯೆಂದು, ಆದರೆ ಕಟ್ಟಿದ ವಿಮಾನಕ್ಕೆ ವಾಸ್ತವವಾಗಿ 18.5 ಲೀಟರ್ ಬೇಕೆಂದು ಭಾವಿಸಿದರೆ, ಬಳಸಬಹುದಾದ 45 ಲೀಟರ್ ಇಂಧನವು ಹೊತ್ತಗೆಯ ಪ್ರಕಾರ 3 ಗಂಟೆ 28 ನಿಮಿಷ ಬರಬೇಕು. ಆಕಾಶದಲ್ಲಿ ಅದು ಬರುವುದು 2 ಗಂಟೆ 26 ನಿಮಿಷ. ಇಲ್ಲದ ಒಂದು ಗಂಟೆಯನ್ನು ಚಾಲಕನು ಇದೆಯೆಂದು ನಂಬಿರುತ್ತಾನೆ.

ಎಂಜಿನ್ ನಿಂತರೆ ಉಳಿಯುವುದು ಎತ್ತರ ಮಾತ್ರ. ನಿಧಾನಗತಿಯ ಎಂಜಿನ್ನಿನೊಡನೆ ಅಳೆದ 12ರ ಅನುಪಾತವು ನಿಂತ ಎಂಜಿನ್ನಿನಲ್ಲಿ ಹಾಗೆಯೇ ಉಳಿಯುವುದಿಲ್ಲ. ಗಾಳಿಯ ರಭಸಕ್ಕೆ ತಿರುಗುವ ಪ್ರೊಪೆಲ್ಲರ್ ಹಿಂದೆಳೆತವನ್ನು ಹೆಚ್ಚಿಸುತ್ತದೆ. ಎಚ್ಚರಿಕೆಯಿಂದ 9 ಎಂದು ಹಿಡಿದರೆ, ನೆಲದಿಂದ 1,000 ಮೀಟರ್ ಮೇಲಿರುವ ವಿಮಾನ 9 ಕಿ.ಮೀ. ತೇಲಬಲ್ಲದು. 120ರ ವೇಗಕ್ಕೆ ಎದುರಾಗಿ ಗಂಟೆಗೆ 30 ಕಿ.ಮೀ. ಗಾಳಿಯಿದ್ದರೆ ಅದು ಏಳು ಕಿ.ಮೀ.ಗೂ ಕಡಿಮೆ. ದಾಂಡೇಲಿ–ಜೋಯಿಡಾಗಳ ಅಂತರ 17 ಕಿ.ಮೀ.; ನಡುದಾರಿಯಿಂದ ಯಾವ ಕಡೆಗೂ ಎಂಟೂವರೆ ಕಿ.ಮೀ. ಅಂದರೆ 1,000 ಮೀಟರ್ ಎತ್ತರದಲ್ಲಿ ಈ ಭಾಗವನ್ನು ದಾಟುವ ಚಾಲಕನು ಎದುರುಗಾಳಿಯ ದಿನ ಮುಂದಿನ ಊರನ್ನು ಮುಟ್ಟಲಾರ; ಗಾಳಿಗೆ ಬೆನ್ನು ಕೊಟ್ಟು ಹಿಂದಕ್ಕೆ ತಿರುಗುವುದೊಂದೇ ದಾರಿ. ಈ ನಿರ್ಧಾರವನ್ನು ಹೊರಡುವ ಮೊದಲೇ ಮಾಡಿರಬೇಕು. ಹಳಿಯಾಳ, ಮುಂಡಗೋಡಗಳ ಗದ್ದೆಬಯಲಿನಲ್ಲಿ ಅಂಕಿಯ ತಪ್ಪು ಮುರಿದ ಗಾಲಿಯಲ್ಲಿ ಮುಗಿಯಬಹುದು. ಕಾಳಿಯ ಕಣಿವೆಯಲ್ಲಿ ಅದೇ ತಪ್ಪಿಗೆ ಪ್ರಾಣವನ್ನೇ ತೆರಬೇಕಾದೀತು.

9. ಉಪಸಂಹಾರ

ಸ್ವನಿರ್ಮಿತ ವಿಮಾನದ ಮೊದಲ ಹಾರಾಟ ನಿರ್ಮಾಣದ ಮುಕ್ತಾಯವೆಂದು ತೋರಬಹುದು. ವಾಸ್ತವವಾಗಿ ಅದು ಅಳತೆಯ ಆರಂಭ. ತೂಗುವುದು, ವೇಗಮಾಪಕವನ್ನು ತಿದ್ದುವುದು, ಗರಗಸದ ಹಲ್ಲಿನಂತೆ ಏರಿ ಇಳಿಯುವುದು, ಲೀಟರಿನ ಲೆಕ್ಕ ಬರೆಯುವುದು ಇವೆಲ್ಲ ಬೇಸರ ತರಿಸುವ ಕೆಲಸಗಳು. ಒಂದು ಪರೀಕ್ಷೆಯಲ್ಲಿ ಒಂದೇ ಸಂಗತಿಯನ್ನು ಬದಲಿಸಬೇಕು, ಪ್ರತಿ ಅಂಕಿಯ ಪಕ್ಕದಲ್ಲಿ ತೂಕ, ಎತ್ತರ, ಉಷ್ಣತೆ, ಇಂಧನದ ಬಗೆ ದಾಖಲಾಗಬೇಕು, ಅಂಕಿ ಆಶಿಸಿದ್ದಕ್ಕಿಂತ ಕಡಿಮೆ ಬಂದಾಗಲೂ ಅದನ್ನೇ ಬರೆಯಬೇಕು. 1987ರ ಕ್ಯಾನಾರ್ಡ್ ವಿಮಾನದಿಂದ ಹಂಸ-ಎನ್‌ಜಿಯವರೆಗೆ ಬೆಂಗಳೂರು, ಪುದುಚೇರಿ, ಚಳ್ಳಕೆರೆಗಳ ಆಕಾಶದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಹಂತಹಂತವಾಗಿ ನಡೆಸಿದ ಈ ಕೆಲಸವನ್ನು ಹವ್ಯಾಸಿ ನಿರ್ಮಾತೃವು ತನ್ನ ಮಿತಿಯಲ್ಲಿ ತಾನೇ ನಡೆಸಬೇಕಾಗುತ್ತದೆ. ಹಾಗೆ ಸಿದ್ಧವಾದ ನಾಲ್ಕಾರು ಪುಟಗಳ ಕೈಪಿಡಿ ಆ ಒಂದು ವಿಮಾನಕ್ಕೆ ಮಾತ್ರ ಸಲ್ಲುತ್ತದೆ. ಅದು ಮಾರಾಟವಾಗಿ ಬೇರೆಯವರ ಕೈ ಸೇರಿದಾಗ ವಿಮಾನದೊಡನೆ ಹೋಗಬೇಕಾದ ಮೊದಲ ವಸ್ತುವೂ ಅದೇ.